ಶನಿವಾರ ಕೊಂಡ ಟೈರು

ಮೋಟಾರ್ ಸೈಕಲ್ಲಿಗೆ ಟೈರು ಕೊಳ್ಳುವುದಕ್ಕೆ ವಿಶೇಷ ಬುದ್ಧಿವಂತಿಕೆಯೇನೂ ಬೇಡ ಎಂದು ನಾನು ಬಹಳ ಕಾಲ ನಂಬಿದ್ದೆ. ಟೈರು ದುಂಡಗಿರುತ್ತದೆ, ಕಪ್ಪಗಿರುತ್ತದೆ, ಅದರ ಅಳತೆ ಅದರ ಮೈಮೇಲೆಯೇ ಬರೆದಿರುತ್ತದೆ. ಇಷ್ಟು ಸ್ಪಷ್ಟವಾಗಿ ತನ್ನ ಪರಿಚಯ ತಾನೇ ಹೇಳಿಕೊಳ್ಳುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ನಾನಾದರೋ ಇತಿಹಾಸದಲ್ಲಿ ಎಂ.ಎ. ಮಾಡಿದವನು, ಅರ್ಧ ಅಳಿಸಿಹೋದ ಶಾಸನಗಳನ್ನು ಓದುವುದನ್ನು ಎರಡು ವರ್ಷ ಕಲಿತವನು. ಒಂದು ಟೈರು ಓದಲಾರೆನೆ? ಓದಬಲ್ಲೆ ಎಂದೇ ಆ ಶನಿವಾರ ಮನೆಯಿಂದ ಹೊರಟೆ.

ಮುಂದೆ ಹೋಗುವ ಮೊದಲು ಒಂದು ಮಾತು. ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಈಚೆಗೆ ಡೈರಿಯ ಮೇಲೂ ಸ್ವಲ್ಪ ಅನುಮಾನ ಬಂದಿದೆ, ಏಕೆಂದರೆ ಅದನ್ನು ಬರೆಯುವವನು ನಾನೇ. ಆದ್ದರಿಂದ ನನ್ನ ಡೈರಿಗೂ ನನ್ನ ಹೆಂಡತಿ ಶೈಲಾಳ ಮಾತಿಗೂ ವ್ಯತ್ಯಾಸ ಬಂದ ಕಡೆಯಲ್ಲೆಲ್ಲ ಶೈಲಾ ಹೇಳಿದ್ದನ್ನೇ ಇಲ್ಲಿ ಹಾಕಿದ್ದೇನೆ. ಮನೆಯ ಶಾಂತಿಗಾಗಿ ಅಲ್ಲ. ಆಧಾರಗಳು ಅವಳ ಕಡೆಗಿವೆ.

ನಾವಿರುವುದು ತುಮಕೂರಿನ ಸದಾಶಿವನಗರದಲ್ಲಿ. ನಾನು ಪಾಠ ಮಾಡುವುದು ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ. ದಿನವೂ ಹೋಗಿ ಬರುವುದು ನನ್ನ ಹಳೆಯ ಮೋಟಾರ್ ಸೈಕಲ್ಲಿನಲ್ಲಿ. ಹೋಗಿ ಬಂದು ಹೋಗಿ ಬಂದು ಅದರ ಟೈರುಗಳು ನನ್ನ ತಲೆಯ ಹಾಗೆಯೇ ಆಗಿದ್ದವು. ನನ್ನ ತಲೆಯಿಂದ ಯಾರಿಗೂ ಅಪಾಯವಿರಲಿಲ್ಲವಾದ್ದರಿಂದ ಟೈರಿನ ಬಗ್ಗೆಯೂ ನಾನು ತಲೆಕೆಡಿಸಿಕೊಂಡಿರಲಿಲ್ಲ.

ತಲೆಕೆಡಿಸಿದವಳು ಮಗಳು ಮೇಘಾ. ಅವಳಿಗೆ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಆರು ಗಂಟೆಯ ಪಾಳಿ. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ಸ್ವಂತ ಗಾಡಿ, ಸ್ವಂತ ಲೈಸೆನ್ಸ್ ಇದ್ದರೆ ಮಾತ್ರ ಕೆಲಸಕ್ಕೆ ಬನ್ನಿ ಎಂದಿದ್ದರು. ಗಾಡಿ ನನ್ನದು ಕೊಡುವುದು, ನಾನು ರೈಲಿನಲ್ಲಿ ಗುಬ್ಬಿಗೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನವಾದಾಗ ನಾನಿದ್ದೆನೋ ಇಲ್ಲವೋ ನೆನಪಿಲ್ಲ. ಗಾಡಿ ಓಡಿಸುವುದನ್ನು ಅವಳಿಗೆ ಕಲಿಸಿದವನಂತೂ ನಾನೇ. ಅದರ ಬಗ್ಗೆ ಡೈರಿಯಲ್ಲಿ ಹನ್ನೊಂದು ಪುಟಗಳಿವೆ.

ಹದಿನೈದು ದಿನದ ಹಿಂದೆ ಲೈಸೆನ್ಸ್ ಟೆಸ್ಟಿಗೆ ಹೋದಾಗ ಇನ್‌ಸ್ಪೆಕ್ಟರು ಅವಳನ್ನು ನೋಡುವ ಮೊದಲು ಗಾಡಿಯನ್ನು ನೋಡಿದರಂತೆ.

"ಟೈರ್ ಎಲ್ಲಮ್ಮ?" ಎಂದರಂತೆ.

"ಇದೆಯಲ್ಲ ಸಾರ್."

"ಇದು ಟೈರಲ್ಲ, ಟೈರಿನ ನೆನಪು. ಹೊಸದು ಹಾಕಿಸ್ಕೊಂಡು ಬಾ. ಇದ್ರಲ್ಲಿ ಎಂಟು ಹೊಡೆಯೋಕೆ ಹೋಗಿ ಜಾರಿ ಬಿದ್ರೆ ನಾನೇನ್ ಮಾಡ್ಲಿ?"

ಮುಂದಿನ ಟೆಸ್ಟು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಅವಳ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮುಗಿಯುವುದು ಬುಧವಾರ. ಕೆಲಸಕ್ಕೆ ಸೇರಬೇಕಾದದ್ದು ಅದರ ಮರುದಿನ. ಅಂದರೆ ಸೋಮವಾರ ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಎಲ್‌ಎಲ್, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಕಾರ್ಖಾನೆಯವರು ಅಲ್ಲಿಯವರೆಗೆ ಕಾಯುವಷ್ಟು ದೊಡ್ಡ ಮನಸ್ಸಿನವರೇನಲ್ಲ.

"ಅಪ್ಪ, ನಾನೇ ಶುಕ್ರವಾರ ಹೋಗಿ ಟೈರ್ ಹಾಕಿಸ್ಕೊಂಡು ಬರ್ತೀನಿ," ಎಂದಳು ಮೇಘಾ.

"ನಿಂಗೇನ್ ಗೊತ್ತಾಗುತ್ತೆ? ನಿನ್ನ ಮೋಸ ಮಾಡ್ತಾರೆ. ಟೈರು ನನ್ನ ಜವಾಬ್ದಾರಿ," ಎಂದೆ.

ಈ ವಾಕ್ಯ ಡೈರಿಯಲ್ಲಿದೆ. ಕೆಳಗೆ ಗೆರೆ ಬೇರೆ ಎಳೆದಿದ್ದೇನೆ!

ಶನಿವಾರ ಕಾಲೇಜು ಅರ್ಧ ದಿನ. ಮುಗಿಸಿ ಬಂದು ಊಟ ಮಾಡಿ ಮೇಘಾಳನ್ನೂ ಕೂರಿಸಿಕೊಂಡು ಟೈರಿನ ಅಂಗಡಿಗೆ ಹೋದೆ. ಅಂಗಡಿಯ ಯಜಮಾನ ನಿಧಾನದ ಮನುಷ್ಯ. ಮುಂದಿನ ಟೈರು, ಹಿಂದಿನ ಟೈರು ಎರಡನ್ನೂ ತೆಗೆದಿಟ್ಟು, "ಎರಡೂ ಸೇರಿ ನಾಲ್ಕು ಸಾವಿರದ ಇನ್ನೂರು ಸಾರ್. ಟ್ಯೂಬೂ ಬದಲಾಯಿಸಿಬಿಡಿ. ಮತ್ತೆ ಫಿಟಿಂಗು..." ಎಂದು ಶುರುಮಾಡಿದ.

ನಾನು ಕೈಯೆತ್ತಿ ತಡೆದೆ. ಇಲ್ಲಿಯೇ ಅಲ್ಲವೇ ಅಮಾಯಕರು ಸಿಕ್ಕಿಬೀಳುವುದು! ಗುಬ್ಬಿಯಲ್ಲಿ ನಮ್ಮ ಕಾಲೇಜಿನ ಎದುರಿಗೇ ತಿಮ್ಮಣ್ಣ ಎಂಬ ಪಂಕ್ಚರ್ ಅಂಗಡಿಯವನಿದ್ದಾನೆ. ಟೈರು ಹಾಕಿಕೊಡುವುದಕ್ಕೆ ತುಮಕೂರಿನವರಿಗಿಂತ ಎಂಬತ್ತು ರೂಪಾಯಿ ಕಡಿಮೆ ತೆಗೆದುಕೊಳ್ಳುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ಕೊಳ್ಳುವುದು ತುಮಕೂರಿನಲ್ಲಿ, ಹಾಕಿಸುವುದು ಗುಬ್ಬಿಯಲ್ಲಿ. ಇದು ನನ್ನ ಆರ್ಥಿಕ ನೀತಿ.

"ಫಿಟಿಂಗ್ ಬೇಡ. ಟ್ಯೂಬ್ ಬೇಡ. ಟೈರ್ ಮಾತ್ರ," ಎಂದೆ.

"ಸಾರ್, ಫಿಟಿಂಗು ಏನಂದ್ರೆ..."

"ಬೇಡ ಅಂದ್ನಲ್ಲ."

"ಅಲ್ಲ ಸಾರ್, ಕೇಳಿ..."

"ನೋಡಿ, ನನಗೂ ನಾಲ್ಕು ಕಡೆ ವಿಚಾರಿಸಿ ಗೊತ್ತಿದೆ!"

ಡೈರಿಯಲ್ಲಿ "ಅಂಗಡಿಯವನೊಡನೆ ಸಮಾಧಾನವಾಗಿ ಮಾತಾಡಿದೆ" ಎಂದಿದೆ. ಮೇಘಾ ಹೇಳುವಂತೆ ಎದುರು ಅಂಗಡಿಯವರು ಎದ್ದು ಬಂದು ನೋಡಿದರು. ಯಜಮಾನ ಹೆಗಲು ಕುಣಿಸಿ ದುಡ್ಡು ಎಣಿಸಿಕೊಂಡ. ಎರಡು ಟೈರುಗಳನ್ನು ನಾನು ಕೊರಳಿಗೆ ಹಾಕಿಕೊಂಡು ಗಾಡಿ ಹತ್ತಿದೆ. ಸನ್ಮಾನ ಮುಗಿಸಿ ಹಾರ ಸಮೇತ ಮನೆಗೆ ಹೊರಟವನ ಹಾಗೆ ಕಾಣುತ್ತಿದ್ದೆನಂತೆ. ಮೇಘಾ ಮಾತ್ರ ಆಟೋದಲ್ಲಿ ಬರುತ್ತೇನೆಂದಳು.

ಗೇಟಿನ ಹತ್ತಿರವೇ ಶೈಲಾ ನಿಂತಿದ್ದಳು.

"ಅಲ್ಲೇ ನಿಂತ್ಕೊಳ್ಳಿ! ಇವತ್ತೇನು ವಾರ?"

"ಶನಿವಾರ."

"ಶನಿವಾರ ಕಬ್ಬಿಣ, ಎಣ್ಣೆ, ಕಪ್ಪು ಸಾಮಾನು ಯಾರಾದ್ರೂ ಮನೆಗೆ ತರ್ತಾರೇನ್ರೀ? ಅದೂ ಮಗಳ ಕೆಲಸದ ವಿಷಯ ಇಟ್ಕೊಂಡು?"

"ಇದು ಕಬ್ಬಿಣ ಅಲ್ಲ ಕಣೇ, ರಬ್ಬರು."

"ಒಳಗೆ ತಂತಿ ಇರುತ್ತೆ."

ನಾನು ಬೆಚ್ಚಿದೆ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇರುವುದು ನಿಜ. ಇದು ಅವಳಿಗೆ ಹೇಗೆ ಗೊತ್ತು?

"ಬೈಕೇ ಕಬ್ಬಿಣ ಅಲ್ವಾ? ಅದು ಶನಿವಾರನೂ ಒಳಗೆ ಬರಲ್ವಾ?" ಎಂದು ತರ್ಕ ಹೂಡಿದೆ.

"ಅದು ಹಳೇದು. ಹಳೇದಕ್ಕೆ ದೋಷ ಇಲ್ಲ. ನೀವೂ ಬರ್ತೀರಲ್ಲ ಒಳಗೆ."

ತರ್ಕ ಅಲ್ಲಿಗೆ ಮುಗಿಯಿತು. ಟೈರುಗಳು ಗೇಟಿನ ಹೊರಗೆ ಉಳಿದವು. ಎರಡು ನಿಮಿಷದಲ್ಲಿ ನಮ್ಮ ಬೀದಿಯ ಕಂದು ನಾಯಿ ಬಂದು ಒಂದರೊಳಗೆ ಸುತ್ತಿ ಮಲಗಿತು. ಇದನ್ನೆಲ್ಲ ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ನಮ್ಮ ಪಕ್ಕದ ಮನೆಯ ಅಮೀರ್ ಸಾಹೇಬರು ನಕ್ಕರು. ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಹನ್ನೆರಡು ವರ್ಷದಿಂದ ನಮ್ಮ ನೆರೆಯವರು.

"ಕೊಡಿ ಮೇಷ್ಟ್ರೇ, ನಮ್ಮನೇಲಿಡ್ತೀನಿ. ನಿಮ್ಮ ಶನಿಗೆ ನಮ್ಮ ಅಡ್ರೆಸ್ ಗೊತ್ತಿಲ್ಲ!"

ನಾಯಿಯನ್ನು ಎಬ್ಬಿಸಿ ಟೈರುಗಳನ್ನು ಅವರ ನಡುಮನೆಯ ಮೂಲೆಯಲ್ಲಿ ಇಟ್ಟೆವು. ಆಗ ಅವರು ಏನೋ ಹೇಳಿದರು. ನಾನು "ಆಯ್ತು ಆಯ್ತು, ಬೆಳಿಗ್ಗೆ ತಗೋತೀನಿ" ಎಂದು ಬಂದುಬಿಟ್ಟೆ. ಅವರು ಹೇಳಿದ್ದು ಏನೆಂದು ಡೈರಿಯಲ್ಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹೋದರೆ ಅಮೀರ್ ಸಾಹೇಬರ ಬಾಗಿಲಿಗೆ ಬೀಗ! ದೊಡ್ಡ ಬೀಗ. ಕಿಟಕಿಯಿಂದ ಇಣುಕಿದೆ. ಮೂಲೆಯಲ್ಲಿ ನನ್ನ ಟೈರುಗಳು ಮೃಗಾಲಯದ ಪ್ರಾಣಿಗಳ ಹಾಗೆ ಕೂತಿದ್ದವು. ಫೋನ್ ಮಾಡಿದೆ. ರಿಂಗಾಗುತ್ತದೆ, ಎತ್ತುವವರಿಲ್ಲ.

"ಅವರ ತಂಗಿ ಮಗಳ ಮದುವೆ ಅಲ್ವಾ ಇವತ್ತು, ಕುಣಿಗಲ್‌ನಲ್ಲಿ? ಮನೆಮಂದಿಯೆಲ್ಲ ಬೆಳಿಗ್ಗೆ ಐದಕ್ಕೇ ಹೊರಟ್ರು. ನಿನ್ನೆ ನಿಮಗೇ ಹೇಳಿದ್ರಲ್ಲ, ಬೇಕಾದ್ರೆ ರಾತ್ರಿನೇ ತಗೊಂಡುಬಿಡಿ ಅಂತ," ಎಂದಳು ಶೈಲಾ.

"ಕುಣಿಗಲ್‌ನಲ್ಲಿ ಎಲ್ಲಿ?"

"ಕಾರ್ಡ್ ಕೊಟ್ಟಿದ್ರಲ್ಲ, ನಿಮ್ಮ ಕೈಗೇ."

ಕಾರ್ಡು ಹುಡುಕಿದೆವು. ದೇವರ ಮನೆ, ಟಿವಿಯ ಹಿಂದೆ, ಅಕ್ಕಿ ಡಬ್ಬದ ಮೇಲೆ, ಎಲ್ಲೂ ಇಲ್ಲ. ಕೊನೆಗೆ ಮೇಘಾ ನನ್ನ ಡೈರಿಯನ್ನು ತಲೆಕೆಳಗೆ ಮಾಡಿ ಕೊಡವಿದಳು. ಕಾರ್ಡು ಬಿತ್ತು. ಮರೆಯಬಾರದೆಂದು ಡೈರಿಯೊಳಗೆ ಇಟ್ಟಿದ್ದೆ!

"ಅಪ್ಪ, ಪ್ಲೀಸ್, ಅವ್ರು ಯಾವಾಗ ಬರ್ತಾರೋ. ಬೇರೆ ಟೈರ್ ತಗೊಳ್ಳೋಣ," ಎಂದಳು ಮೇಘಾ. ಮುಖ ಸಣ್ಣಗಾಗಿತ್ತು.

"ಭಾನುವಾರ ಟೈರ್ ಅಂಗಡಿ ಎಲ್ಲಿ ತೆಗೆದಿರುತ್ತೆ? ತಿಮ್ಮಣ್ಣ ಒಬ್ಬನೇ ಭಾನುವಾರನೂ ಕೆಲಸ ಮಾಡೋದು. ನಾನು ಈಗ ಕುಣಿಗಲ್‌ಗೆ ಹೋಗಿ ಬೀಗದ ಕೈ ತರ್ತೀನಿ. ಮದುವೆಗೂ ಹೋದ ಹಾಗಾಯ್ತು. ಮಧ್ಯಾಹ್ನದೊಳಗೆ ಗುಬ್ಬಿ. ಸಂಜೆ ನಿನ್ನ ಕೈಗೆ ಗಾಡಿ."

ಬಿಳಿ ಷರಟು ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಆಗ ಯಾರೂ ಕೇಳಲಿಲ್ಲ. ಕೇಳಿದರು ಎನ್ನುತ್ತಾಳೆ ಶೈಲಾ.

ಹೆಬ್ಬೂರು ದಾಟುವಾಗ ಹಿಂದಿನ ಚಕ್ರ ಉಸ್ ಎಂದಿತು. ನೂರು ಹೆಜ್ಜೆ ದೂರದಲ್ಲಿ ಒಂದು ಪಂಕ್ಚರ್ ಅಂಗಡಿ ಸಿಕ್ಕಿದ್ದು ನನ್ನ ಪುಣ್ಯ. ಅಲ್ಲಿದ್ದ ಯಜಮಾನರಿಗೆ ಅರವತ್ತರ ಮೇಲಿರಬೇಕು. ಟೈರಿನ ಮೇಲೆ ಕೈಯಾಡಿಸಿ ನನ್ನನ್ನು ಕನಿಕರದಿಂದ ನೋಡಿದರು.

"ಸಾ, ಈ ಟೈರ್ ಬದ್ಲಾಯ್ಸಿ ಸಾ."

"ಬದಲಾಯ್ಸೋಕೇ ಹೊರಟಿದೀನಿ."

"ಎಲ್ಗೆ?"

"ಕುಣಿಗಲ್‌ಗೆ."

"ಹೊಸ ಟೈರ್ ಕುಣಿಗಲ್‌ನಾಗೈತಾ?"

"ಇಲ್ಲ, ತುಮಕೂರಲ್ಲಿದೆ."

ಅವರು ಕೈಯಲ್ಲಿದ್ದ ಸಲಾಕೆಯನ್ನು ಕೆಳಗಿಟ್ಟರು.

"ತುಮ್ಕೂರ್ ಆ ಕಡೆ ಆಯ್ತಲ್ಲ ಸಾ?"

"ಹೌದು. ನಾನೂ ಅಲ್ಲಿಂದಲೇ ಬಂದೆ."

"ಕುಣಿಗಲ್‌ನಾಗೆ ಹಾಕುಸ್ತೀರಾ?"

"ಇಲ್ಲ, ಗುಬ್ಬಿಯಲ್ಲಿ."

ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ನಿಂತರು. ಆಮೇಲೆ ಬಹಳ ಮೃದುವಾಗಿ, "ಮನೇಲ್ ಯಾರಾದ್ರೂ ಅವ್ರಾ ಸಾ? ಫೋನ್ ಗೀನ್ ಮಾಡ್ಬೇಕಾ?" ಎಂದು ಕೇಳಿದರು.

ಪಂಕ್ಚರ್ ಹಾಕುವಾಗ ನಾನು ಸಹಾಯ ಮಾಡಿದೆ. ಸಹಾಯದ ಗುರುತು ಬಿಳಿ ಷರಟಿನ ಮೇಲೆ ಐದು ಬೆರಳಾಗಿ ಮೂಡಿತು.

ಕುಣಿಗಲ್‌ನ ಶಾದಿ ಮಹಲ್ ಮುಟ್ಟಿದಾಗ ಹನ್ನೊಂದೂವರೆ. ನನ್ನ ಯೋಜನೆ ಸರಳವಾಗಿತ್ತು: ಬಾಗಿಲಲ್ಲೇ ಅಮೀರ್ ಸಾಹೇಬರನ್ನು ಕರೆಯುವುದು, ಬೀಗದ ಕೈ ಇಸಿದುಕೊಳ್ಳುವುದು, ಹೊರಡುವುದು. ಅವರು ನನ್ನನ್ನು ದೂರದಿಂದಲೇ ನೋಡಿದರು. ಎರಡೂ ಕೈ ಚಾಚಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದು ತಬ್ಬಿಕೊಂಡರು.

"ಬಂದ್ರಲ್ಲ ಮೇಷ್ಟ್ರೇ! ನೀವು ಬರೋದಿಲ್ಲ ಅಂತ್ಲೇ ಅನ್ಕೊಂಡಿದ್ದೆ. ನಾಳೆ ಮಗಳ ಟೆಸ್ಟ್ ಇಟ್ಕೊಂಡು, ಟೈರ್ ಕೆಲ್ಸ ಬಿಟ್ಟು ಬಂದಿದೀರಲ್ಲ!"

ನನ್ನ ಬಾಯಿ ಬೀಗ ಎನ್ನಲು ತೆರೆದಿತ್ತು. ಹಾಗೆಯೇ ನಗುವಿಗೆ ತಿರುಗಿಸಿಕೊಂಡೆ.

ಷರಟಿಗೇನಾಯಿತು ಎಂದು ಕೇಳಿದರು, ಪಂಕ್ಚರ್ ಎಂದೆ. ಅವರು ನನ್ನ ಕೈ ಹಿಡಿದು ಅಣ್ಣನಿಗೆ, ಭಾವನಿಗೆ, ಗಂಡಿನ ಕಡೆಯವರಿಗೆ, ಫೋಟೋದವನಿಗೆ, ಎಲ್ಲರಿಗೂ ಪರಿಚಯ ಮಾಡಿಸಿದರು. "ನಮ್ಮ ಪಕ್ಕದ ಮನೆ ಮೇಷ್ಟ್ರು. ದಾರೀಲಿ ಪಂಕ್ಚರ್ ಆದ್ರೂ ಬಿಡ್ದೆ ಬಂದವ್ರೆ. ಷರ್ಟ್ ನೋಡಿ!" ಜನ ನನ್ನ ಷರಟಿನ ಐದು ಬೆರಳನ್ನು ಗೌರವದಿಂದ ನೋಡಿದರು. ಒಬ್ಬ ಹಿರಿಯರಂತೂ, "ಈಗಿನ ಕಾಲದಲ್ಲಿ ಇಂಥ ನೆರೆಯವರು ಎಲ್ಲಿ ಸಿಗ್ತಾರೆ" ಎಂದು ಕಣ್ಣು ಒದ್ದೆ ಮಾಡಿಕೊಂಡರು. ನನಗೂ ಕಣ್ಣು ಒದ್ದೆಯಾಯಿತು, ಗಡಿಯಾರ ನೋಡಿ.

ಹೀಗೆ ಹೊಗಳಿಸಿಕೊಂಡವನು ಬೀಗದ ಕೈ ಕೇಳುವುದು ಹೇಗೆ? ನಿಕಾ ಮುಗಿಯಲಿ ಎಂದು ಕೂತೆ. ಮುಗಿಯಿತು. ಮದುಮಗನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಮುಯ್ಯಿ ಕೊಡಬೇಕಲ್ಲ, ಲಕೋಟೆ ತಂದಿರಲಿಲ್ಲ. ತಿಮ್ಮಣ್ಣನಿಗೆಂದು ಇಟ್ಟಿದ್ದ ಐನೂರರ ನೋಟನ್ನು ಮದುವೆ ಕಾರ್ಡಿನ ಕವರಿನಲ್ಲೇ ಹಾಕಿ ಕೊಟ್ಟೆ. ಅವರದೇ ಕಾರ್ಡು, ಅವರದೇ ಕವರು. ಊಟಕ್ಕೆ ಕರೆದುಕೊಂಡು ಹೋದರು. ಸಸ್ಯಾಹಾರಿಗಳಿಗೆಂದು ಬೇರೆ ಅಡುಗೆ, ಬೇರೆ ಪಂಕ್ತಿ. ಪಂಕ್ತಿಯಲ್ಲಿ ನಾನು, ವೈಂಡಿಂಗ್ ಅಂಗಡಿಯ ಕಟ್ಟಡದ ಮಾಲೀಕರು, ಅವರ ಮನೆಯವರು, ಇಷ್ಟೇ ಜನ. ಮೂರು ಜನಕ್ಕೆ ಮೂವತ್ತು ಜನದ ಅಡುಗೆ! ಬಡಿಸುವವರು ನಮ್ಮನ್ನು ಬಿಡಲಿಲ್ಲ. ಮೂರನೆಯ ಹೋಳಿಗೆಗೆ ಅಮೀರ್ ಸಾಹೇಬರೇ ನಿಂತು ತುಪ್ಪ ಹಾಕಿದರು.

ಹಾಕುತ್ತ ಅವರೇ, "ಟೈರ್ ಯೋಚನೆ ಮಾಡ್ಬೇಡಿ ಮೇಷ್ಟ್ರೇ, ಭದ್ರವಾಗಿದೆ," ಎಂದರು.

ದೇವರೇ ಬಾಯಿ ಬಿಟ್ಟ ಹಾಗಾಯಿತು.

"ಅದೇ ಸಾಹೇಬ್ರೇ, ಬಂದಿದ್ದು ಮದುವೆಗೇ. ಆದ್ರೂ ಬಂದದ್ದು ಬಂದೆ, ಬೀಗದ ಕೈ ಸಿಕ್ಕಿದ್ರೆ..."

ಅವರು ತುಪ್ಪದ ಸೌಟನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಹೋಳಿಗೆಯನ್ನು ನೋಡಿದೆ. ಹನ್ನೆರಡು ವರ್ಷದ ನೆರೆಹೊರೆ. ಅವರಿಗೆ ಅರ್ಥವಾಗದಿರಲು ಸಾಧ್ಯವಿರಲಿಲ್ಲ.

"ಇನ್ನೊಂದು ಹೋಳಿಗೆ ತಿಂದ್ರೆ ಕೊಡ್ತೀನಿ," ಎಂದರು.

ತಿಂದೆ. ಬೀಗದ ಕೈ ಅವರ ಹೆಂಡತಿಯ ಬಳಿ, ಹೆಂಡತಿ ಹೆಂಗಸರ ಕಡೆ, ಹೆಂಗಸರ ಕಡೆ ಹೆಣ್ಣು ಕಳಿಸುವ ಗಡಿಬಿಡಿ. ಕೈಗೆ ಬಂದಾಗ ಎರಡೂಕಾಲು.

ತುಮಕೂರಿಗೆ ವಾಪಸ್ ಬಂದು, ಸಾಹೇಬರ ಬೀಗ ತೆಗೆದು, ಟೈರುಗಳನ್ನು ಸೀಟಿನ ಮೇಲೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಭಾನುವಾರವಾದ್ದರಿಂದ ಶೈಲಾಳ ಅಭ್ಯಂತರವಿರಲಿಲ್ಲ. ಮೇಘಾ ಮಾತ್ರ, "ಅಪ್ಪ, ನಮ್ಮ ಸರ್ಕಲ್ಲಲ್ಲಿ ಪಂಕ್ಚರ್ ಹಾಕೋರು ಬಾಗಿಲು ತೆಗೆದವ್ರೆ, ನೋಡ್ಕೊಂಡ್ ಬಂದೆ. ಇಲ್ಲೇ ಹಾಕಿಸಿಬಿಡೋಣ," ಎಂದಳು.

"ಎಂಬತ್ತು ರೂಪಾಯಿ," ಎಂದು ಒಂದೇ ಮಾತು ಹೇಳಿ ಗುಬ್ಬಿಯ ದಾರಿ ಹಿಡಿದೆ.

ತಿಮ್ಮಣ್ಣ ಚುರುಕು. ಹಿಂದಿನ ಚಕ್ರ ಬಿಚ್ಚಿ, ಒಳಗಿನ ಟ್ಯೂಬನ್ನು ಎಳೆದು ಬೆಳಕಿಗೆ ಹಿಡಿದ.

"ಸಾ, ಇದು ಟ್ಯೂಬಲ್ಲ, ಕೌದಿ. ಒಂಬತ್ತು ತ್ಯಾಪೆ ಅವೆ."

"ಹತ್ತು. ಬೆಳಿಗ್ಗೆ ಒಂದು ಹಾಕಿಸ್ದೆ."

"ಹೊಸ ಟೈರ್‌ಗೆ ಇದ್ನ ಹಾಕಿದ್ರೆ ನನ್ ಮರ್ಯಾದೆ ಹೋಯ್ತದೆ."

ಮರ್ಯಾದೆಯ ಪ್ರಶ್ನೆ ಬಂದಮೇಲೆ ಏನು ಮಾಡುವುದು? ಎರಡು ಹೊಸ ಟ್ಯೂಬು ಅವನ ಅಂಗಡಿಯದೇ, ಅವನು ಹೇಳಿದ್ದೇ ಬೆಲೆ. ಎಂಬತ್ತು ರೂಪಾಯಿಯ ಉಳಿತಾಯ ಅಲ್ಲಿ ತೀರಿಕೊಂಡಿತು. ಆದರೂ ನಾನು ಸೋಲಲಿಲ್ಲ. ಚಕ್ರ ಜೋಡಿಸಿ ಮುಗಿಸುವಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟೈರನ್ನು ಓದಿದೆ. ಅದರ ಪಕ್ಕೆಯಲ್ಲಿ ಒಂದು ಬಾಣದ ಗುರುತಿತ್ತು, ಚಕ್ರ ತಿರುಗಬೇಕಾದ ದಿಕ್ಕು ತೋರಿಸುವ ಬಾಣ. ನೆಲದ ಹತ್ತಿರ, ತಳಭಾಗದಲ್ಲಿ ಇತ್ತು. ಬಾಣ ಗಾಡಿಯ ಹಿಂದಕ್ಕೆ ನೋಡುತ್ತಿತ್ತು!

"ತಿಮ್ಮಣ್ಣ, ಉಲ್ಟಾ ಹಾಕಿದೀಯಲ್ಲಪ್ಪ!"

"ಇಲ್ಲ ಸಾ, ಸರಿಯಾಗೈತೆ."

"ಬಾಣ ನೋಡು. ಗಾಡಿ ಮುಂದಕ್ಕೆ ಹೋಗುತ್ತೋ ಹಿಂದಕ್ಕೆ ಹೋಗುತ್ತೋ?"

"ಸಾ, ಅದು ತಿರುಗಿದಾಗ..."

"ಬಾಣ ಎಲ್ಲಿಗೆ ತೋರಿಸ್ತಿದೆ ಹೇಳು. ಅಷ್ಟೇ."

"ಹಿಂದ್ಕೆ."

"ಮತ್ತೆ?"

ತಿಮ್ಮಣ್ಣ ನನ್ನನ್ನು ನೋಡಿದ. ಎದುರಿನ ಕಾಲೇಜಿನ ಬೋರ್ಡನ್ನು ನೋಡಿದ. "ಪಾಠ ಮಾಡೋರು ನೀವೇ ಹೇಳ್ತಿದೀರಿ, ನಂಗೇನು. ಬುಡಿ, ಮಗುಚಿ ಹಾಕ್ತೀನಿ," ಎಂದು ಇಡೀ ಕೆಲಸವನ್ನು ಮತ್ತೆ ಬಿಚ್ಚಿ, ಟೈರನ್ನು ತಿರುವಿ ಹಾಕಿದ. ಮಾಡಿದ್ದಕ್ಕೆ ಒಂದು ಕೂಲಿ, ಕೆಡಿಸಿದ್ದಕ್ಕೆ ಇನ್ನೊಂದು ಕೂಲಿ. ತಪ್ಪು ಹಿಡಿದ ಸಂತೋಷದಲ್ಲಿ ನಾನು ಟೀ ಕುಡಿಯಲು ಹೋದೆ. ನಾನು ಬರುವುದರೊಳಗೆ ಮುಂದಿನ ಚಕ್ರವನ್ನು ಅವನು ತನ್ನ ಪಾಡಿಗೆ ತಾನು ಹಾಕಿ ಮುಗಿಸಿದ್ದ.

ಆ ದಿನದ ಡೈರಿಯ ಕೊನೆಯ ಸಾಲು: "ಕಾರ್ಯ ನಿರ್ವಿಘ್ನವಾಗಿ ಮುಗಿಯಿತು. ಸಮಯಪ್ರಜ್ಞೆಯಿಂದ ಒಂದು ಅನಾಹುತ ತಪ್ಪಿಸಿದೆ."

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಶೈಲಾ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮೇಘಾಳ ಕೈಗೆ ಎರಡು ನಿಂಬೆಹಣ್ಣು ಕೊಟ್ಟಳು. ಚಕ್ರದ ಕೆಳಗಿಟ್ಟು ಹತ್ತಿಸಿ ಹೊರಡುವುದು ವಾಡಿಕೆ. ಮೇಘಾ ಮುಂದಿನ ಚಕ್ರಕ್ಕೆ ಒಂದಿಟ್ಟಳು. ಹಿಂದಿನದಕ್ಕೆ ಇಡಲು ಬಗ್ಗಿದವಳು ಹಾಗೆಯೇ ನಿಂತಳು.

"ಅಪ್ಪ, ಬಾ ಇಲ್ಲಿ. ಈ ಬಾಣ ಯಾಕೆ ಹಿಂಗಿದೆ?"

"ಮುಂದಕ್ಕೆ ಇದೆಯಲ್ಲ. ನಾನೇ ಸರಿ ಮಾಡಿಸ್ದೆ."

ಅವಳು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಚಕ್ರ ಅರ್ಧ ಸುತ್ತು ತಿರುಗಿತು. ತಳದಲ್ಲಿದ್ದ ಬಾಣ ಈಗ ನೆತ್ತಿಗೆ ಬಂತು. ಬಂದು, ನೆಟ್ಟಗೆ ನಮ್ಮ ಮನೆಯ ಕಡೆಗೆ, ಅಂದರೆ ಹಿಂದಕ್ಕೆ ತೋರಿಸಿತು.

ಚಕ್ರ ದುಂಡಗಿರುತ್ತದೆ. ಕೆಳಗೆ ಮುಂದಕ್ಕಿದ್ದದ್ದು ಮೇಲೆ ಹಿಂದಕ್ಕಾಗುತ್ತದೆ. ಗಾಡಿ ಮುಂದಕ್ಕೆ ಹೋಗುವಾಗ ಮುಂದಕ್ಕೆ ತಿರುಗುವುದು ಚಕ್ರದ ನೆತ್ತಿ, ಬಾಣವನ್ನು ಓದಬೇಕಾದದ್ದು ಅಲ್ಲಿ. ಮನುಷ್ಯಕುಲ ಚಕ್ರ ಕಂಡುಹಿಡಿದದ್ದನ್ನು ನಾನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪಾಠ ಮಾಡುತ್ತೇನೆ!

ಮುಂದಿನ ಟೈರಿನ ಬಾಣ ಸರಿಯಾಗಿತ್ತು. ಅದನ್ನು ಹಾಕುವಾಗ ನಾನಿರಲಿಲ್ಲ. ಹೀಗಾಗಿ ನಮ್ಮ ಗಾಡಿಯ ಮುಂದಿನ ಚಕ್ರ ಆರ್‌ಟಿಒ ಕಡೆಗೂ ಹಿಂದಿನ ಚಕ್ರ ಗುಬ್ಬಿಯ ಕಡೆಗೂ ಹೊರಟಿದ್ದವು.

"ಇದು ಇನ್‌ಸ್ಪೆಕ್ಟ್ರಿಗೆ ಕಂಡ್ರೆ?" ಎಂದಳು ಮೇಘಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಎರಡನೆಯ ನಿಂಬೆಹಣ್ಣು ಹಾಗೆಯೇ ಇತ್ತು. ಟೈರ್ ಸರಿಯಿಲ್ಲವೆಂದು ಒಮ್ಮೆ ವಾಪಸ್ ಬಂದವಳು. ಈ ಸಲವೂ ಟೈರಿಗೇ ವಾಪಸ್ ಬಂದರೆ ತಪ್ಪು ಡೈರಿಯಲ್ಲಿ ನಾನು ಗೆರೆ ಎಳೆದ ಆ ವಾಕ್ಯದ್ದೇ.

ಭಾನುವಾರ ತೆಗೆದಿದ್ದ ಸರ್ಕಲ್ಲಿನ ಪಂಕ್ಚರ್ ಅಂಗಡಿಗೆ ಸೋಮವಾರ ರಜೆ. ಒಂಬತ್ತು ಗಂಟೆಗೇ ಹೋಗಿ ಟೈರಿನ ಅಂಗಡಿಯ ಮುಂದೆ ನಿಂತೆವು. ಯಜಮಾನ ಬಂದದ್ದು ಒಂಬತ್ತು ಐವತ್ತಕ್ಕೆ. ಬೀಗ ತೆಗೆದು, ಗುಡಿಸಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿದು ಆಮೇಲೆ ನಮ್ಮ ಕಡೆ ತಿರುಗಿದ. ಮೇಘಾಳೇ ಎಲ್ಲ ಹೇಳಿದಳು. ನನಗೆ ಮಾತಾಡಬೇಡ ಎಂದು ಮೊದಲೇ ಹೇಳಿದ್ದಳು.

ಹತ್ತು ನಿಮಿಷದಲ್ಲಿ ಟೈರು ಬಿಚ್ಚಿ, ತಿರುಗಿಸಿ, ಗಾಳಿ ತುಂಬಿ ನಿಲ್ಲಿಸಿದ.

"ಎಷ್ಟಾಯ್ತು?" ಎಂದೆ.

"ಏನೂ ಇಲ್ಲ ಸಾರ್. ಶನಿವಾರ ನೀವು ಕೊಟ್ಟ ದುಡ್ಡಲ್ಲೇ ಫಿಟಿಂಗ್ ಸೇರಿತ್ತು. ನಮ್ಮಲ್ಲಿ ಟೈರ್ ತಗೊಂಡ್ರೆ ಫಿಟಿಂಗ್ ಫ್ರೀ. ಅದನ್ನೇ ಹೇಳೋಕ್ ಬಂದೆ, ನೀವು ಬಿಡ್ಲಿಲ್ಲ."

ಮೇಘಾ ನನ್ನನ್ನು ನೋಡಲಿಲ್ಲ. ಅದು ಅವಳ ಒಳ್ಳೆಯತನ. ಯಜಮಾನ ಅವಳಿಗೆ ಇನ್ನೂ ಏನೋ ಹೇಳುತ್ತಿದ್ದ. ನಾನು ಕಿವಿಗೊಡದೆ ಗಡಿಯಾರ ನೋಡುತ್ತಿದ್ದೆ. ಹತ್ತು ಐದಾಗಿತ್ತು.

ಹತ್ತೂ ಇಪ್ಪತ್ತೆರಡಕ್ಕೆ ಮೈದಾನದಲ್ಲಿದ್ದೆವು. ಅದೇ ಇನ್‌ಸ್ಪೆಕ್ಟರು. ಬಗ್ಗಿ ಮುಂದಿನ ಟೈರು ನೋಡಿದರು. ಹಿಂದಿನದನ್ನು ನೋಡಿದರು. "ಹ್ಞಾಂ, ಇದು ಟೈರು," ಎಂದರು.

ಮೇಘಾ ಗಾಡಿ ಹತ್ತಿದಳು. ಎಂಟರ ಆಕಾರದ ಗೆರೆಯ ಮೇಲೆ ನಿಧಾನವಾಗಿ, ಒಂದು ಸಲವೂ ಕಾಲು ಊರದೆ, ಕೈ ತೋರಿಸಬೇಕಾದ ಕಡೆ ಕೈ ತೋರಿಸಿ, ಎರಡು ಸುತ್ತು ಬಂದಳು. ಸುಮ್ಮನೆ ಹೇಳುತ್ತಿಲ್ಲ, ಅಷ್ಟು ಚೆನ್ನಾಗಿ ನಾನು ಓಡಿಸುವುದಿಲ್ಲ. ಇನ್‌ಸ್ಪೆಕ್ಟರು ತಲೆಯಾಡಿಸಿ ಕಾಗದದ ಮೇಲೆ ಸಹಿ ಹಾಕಿದರು. "ಪಾಸು. ಕೆಲಸಕ್ಕೆ ಹೋಗ್ತೀಯೇನಮ್ಮ? ಒಳ್ಳೇದಾಗ್ಲಿ. ಗಾಡಿ ಆಚೆ ತೆಗೆಸು, ಮುಂದಿನವರು ಬರ್ಲಿ."

ಕಾಗದ ತೆಗೆದುಕೊಳ್ಳಲು ಅವಳು ಮೇಜಿನ ಬಳಿಗೆ ಹೋದಳು. ಗಾಡಿ ತೆಗೆಯಲು ನಾನು ಹೋದೆ.

ನೇರವಾಗಿ ತಳ್ಳಿಕೊಂಡು ಆಚೆ ಬಂದಿದ್ದರೆ ಸಾಕಿತ್ತು. ಆದರೆ ಮಗಳು ಪಾಸಾಗಿದ್ದಾಳೆ, ಸುತ್ತ ನಲವತ್ತು ಜನ ನೋಡುತ್ತಿದ್ದಾರೆ, ಎರಡು ದಿನದಿಂದ ನನಗೆ ಒಂದೂ ಗೆಲುವು ಸಿಕ್ಕಿಲ್ಲ. ಗಾಡಿ ಸ್ಟಾರ್ಟ್ ಮಾಡಿದೆ. ಎಂಟರ ಮೊದಲ ಸೊನ್ನೆಯನ್ನು ಸುತ್ತಿದೆ. ಎರಡನೆಯದಕ್ಕೆ ಸ್ವಲ್ಪ ಠೀವಿಯಿಂದ ವಾಲಿದೆ.

ಹೊಸ ಟೈರಿನ ಮೈಮೇಲೆ ಮೇಣದಂಥ ಒಂದು ಪದರ ಇರುತ್ತದಂತೆ. ಅದು ಸವೆಯುವವರೆಗೆ, ನೂರು ಕಿಲೋಮೀಟರಿನಷ್ಟು ದೂರ, ವಾಲಿಸದೆ ಓಡಿಸಬೇಕಂತೆ. ಅಂಗಡಿಯ ಯಜಮಾನ ಮೇಘಾಳಿಗೆ ಹೇಳಿದ್ದು ಅದನ್ನೇ.

ಬಿದ್ದೆ ಎಂದು ಡೈರಿಯಲ್ಲಿಲ್ಲ. "ಗಾಡಿ ಒರಗಿತು" ಎಂದಿದೆ. ಗಾಡಿ ಎಡಕ್ಕೆ ಒರಗಿತು, ನಾನು ಅದಕ್ಕಿಂತ ಎರಡು ಮಾರು ಮುಂದೆ ಒರಗಿದೆ. ಪೆಟ್ಟೇನೂ ಆಗಲಿಲ್ಲ. ನಲವತ್ತು ಜನ ಒಟ್ಟಿಗೆ "ಅಯ್ಯಯ್ಯೋ" ಎಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

ಇನ್‌ಸ್ಪೆಕ್ಟರು ಓಡಿ ಬಂದರು. ಹಿಂದೆಯೇ ಮೇಘಾ. ಇಬ್ಬರೂ ಸೇರಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಮಣ್ಣು ಕೊಡವಿಕೊಳ್ಳುತ್ತಿರುವಾಗ ಇನ್‌ಸ್ಪೆಕ್ಟರು ಮೆಲ್ಲಗೆ ಮೇಘಾಳನ್ನು ಕೇಳಿದರು:

"ಇವ್ರದ್ದು ಯಾವತ್ತಮ್ಮ ಟೆಸ್ಟು?"

"ಇಲ್ಲ ಸಾರ್, ನಮ್ಮಪ್ಪ. ನನಗೆ ಗಾಡಿ ಕಲಿಸಿದ್ದೇ ಇವ್ರು."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು. ನೆಲದ ಮೇಲಿನ ಎಂಟನ್ನು ನೋಡಿದರು. ಆಮೇಲೆ ಅವಳ ಕೈಯಲ್ಲಿದ್ದ ಕಾಗದವನ್ನು ಬಹಳ ಹೊತ್ತು ನೋಡಿದರು.

"ಹೋಗ್ಲಿ ಬಿಡಮ್ಮ," ಎಂದರು, "ಸೈನ್ ಆಗ್ಹೋಗಿದೆ."